ಗುಬ್ಬಚ್ಚಿ ಬ್ರೌಸರಿನ ಆರು ಸೆಕೆಂಡು

ಸುಂಕದಕಟ್ಟೆ
ಭಾನುವಾರ, ೯ ಆಗಸ್ಟ್ ೨೦೦೯

ಪೂಜ್ಯ ಅನಂತಲಕ್ಷ್ಮಿ ಮೇಡಂ ಅವರಿಗೆ, ನಿಮ್ಮ ಹಳೆಯ ವಿದ್ಯಾರ್ಥಿನಿ ಸುಮಾ ಮಾಡುವ ನಮಸ್ಕಾರಗಳು.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಫೋನ್ ಮಾಡಿದ್ದೆ ಮೇಡಂ. ಈ ವಾರ ಎರಡು ಸಲ ಮಾಡಿ, ನಿಮ್ಮ ದನಿ ಕೇಳಿದ ಕೂಡಲೇ "ಸಾರಿ, ರಾಂಗ್ ನಂಬರ್" ಎಂದು ಹೇಳಿ ಇಟ್ಟವಳು ನಾನೇ. ಎರಡನೆಯ ಸಲ ನೀವು, "ನಂಬರ್ ಸರಿಯಾಗಿ ನೋಡ್ಕೊಂಡು ಒತ್ತಮ್ಮ, ಆತುರ ಪಡಬೇಡ" ಎಂದು ಬುದ್ಧಿ ಹೇಳಿದಿರಿ. ಅದಕ್ಕೇ ಆತುರ ಬಿಟ್ಟು ಕಾಗದಕ್ಕೆ ಕೂತಿದ್ದೇನೆ.

ವಿಷಯ ನನ್ನ ಪ್ರಾಜೆಕ್ಟಿನ ಜೊತೆಗಾರ ದುಂಡೇಶನದು. ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಅವನು ಅರ್ಜಿ ಹಾಕಿದ್ದಾನೆ, ಗುರುವಾರ ಇಂಟರ್‌ವ್ಯೂ, ಆ ಕಮಿಟಿಯಲ್ಲಿ ನೀವಿದ್ದೀರಿ. ಹೋದ ಭಾನುವಾರ ವಿಜಯನಗರ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವಾಗ ಲ್ಯಾಬಿನ ಅಟೆಂಡರ್ ನೀಲಮ್ಮ ಸಿಕ್ಕಿದ್ದರು. ಮೆಂತ್ಯದ ಕಟ್ಟನ್ನು ಮೂಸಿ ನೋಡುತ್ತಾ, "ಆ ಬಿಜಾಪುರದ ಕಡೆ ಹುಡುಗನಿಗೆ ಕೆಲಸ ಆಗೋದು ಡೌಟು ಕಣಮ್ಮ. ಹುಡುಗ ಬುದ್ಧಿವಂತ, ಆದ್ರೆ ತಪ್ಪು ಮುಚ್ಚಿಡ್ತಾನೆ, ನಂಬೋಕಾಗಲ್ಲ ಅಂತ ಮೇಡಂ ಅಂತಿದ್ರು" ಎಂದರು. ನಾನು ಅಂದು ಯಾವ ಸೊಪ್ಪು ತಂದೆನೋ ನನಗೇ ಗೊತ್ತಿಲ್ಲ. ಅಮ್ಮ ಮಾತ್ರ, "ಸಾರಿಗೆ ದಂಟು ತಾ ಅಂದ್ರೆ ಎರಡು ಕಟ್ಟು ಪುದೀನ ತಂದಿದೀಯಲ್ಲೇ" ಎಂದು ಬೈದಳು.

ಮೇಡಂ, ತಪ್ಪು ಮುಚ್ಚಿಟ್ಟವನು ಅವನಲ್ಲ. ಅದನ್ನು ಹೇಳಲು ಹೋದ ವರ್ಷದ ಕತೆಯನ್ನೆಲ್ಲ ಮೊದಲಿನಿಂದ ಹೇಳಬೇಕು. ಈ ಕಾಗದವನ್ನು ಅಂಚೆಗೆ ಹಾಕುವ ಮುಂಚೆ ಅಪ್ಪನಿಗೆ ಓದಿ ಹೇಳುವುದಿದೆ, ಅದರ ಕಾರಣ ಆಮೇಲೆ ಹೇಳುತ್ತೇನೆ. ಹಾಗಾಗಿ ನಿಮಗೆ ಗೊತ್ತಿರುವ ಪಾಠವನ್ನೇ ನಿಮಗೆ ಬಿಡಿಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಡಿಪ್ಲೊಮಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ಲೈಬ್ರರಿ ಮ್ಯಾನೇಜ್‌ಮೆಂಟ್, ಆಸ್ಪತ್ರೆ ಮ್ಯಾನೇಜ್‌ಮೆಂಟ್ ಎಂದು ಹೊರಟಾಗ ದುಂಡೇಶ ಬ್ರೌಸರ್ ಮಾಡೋಣ ಎಂದ. ಅವನು ಸಂಜೆ ಹೊತ್ತು ವಿಜಯನಗರದ ಮರಿಯಪ್ಪನವರ ಸೈಬರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದನಲ್ಲ, ಅಲ್ಲಿದ್ದವು ಎಂಟು ಮುದಿ ಕಂಪ್ಯೂಟರುಗಳು. ದೊಡ್ಡ ಬ್ರೌಸರ್ ತೆರೆದರೆ ಅವು ಉಸಿರು ಕಟ್ಟಿ ನಿಲ್ಲುತ್ತಿದ್ದವು. "ಈ ಮುದುಕರಿಗೆ ತಡ್ಕೊಳ್ಳೂವಂಥ ಸಣ್ಣ ಬ್ರೌಸರ್ ಮಾಡೂಣು" ಎಂದ. ಹಾಗೆ ಹುಟ್ಟಿದ್ದು ಗುಬ್ಬಚ್ಚಿ. ಅಕ್ಷರ ಮತ್ತು ಚಿತ್ರ ತೋರಿಸುತ್ತಿತ್ತು, ಬೇರೆ ಯಾವ ಬಿಂಕವೂ ಇರಲಿಲ್ಲ. ಇಡೀ ಬ್ರೌಸರ್ ಒಂದು ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. ನೀವು ಆ ಫ್ಲಾಪಿಯನ್ನು ಅಂಗೈ ಮೇಲಿಟ್ಟುಕೊಂಡು, "ಇಷ್ಟೇನಾ?" ಎಂದು ಕೇಳಿದ್ದು ನೆನಪಿದೆ. ಅದು ಬೈಗುಳವೋ ಹೊಗಳಿಕೆಯೋ ಎಂದು ನಾವಿಬ್ಬರೂ ಮಾಗಡಿ ರಸ್ತೆಯ ಟೋಲ್‌ಗೇಟ್‌ವರೆಗೆ ನಡೆದುಕೊಂಡು ಚರ್ಚೆ ಮಾಡಿದ್ದೆವು.

ಅಷ್ಟರಲ್ಲಿ ಮರಿಯಪ್ಪನವರು ಡ್ಯುಯಲ್ ಕೋರ್ ಕಂಪ್ಯೂಟರ್ ಒಂದನ್ನು ತಂದರು. ಅದಕ್ಕೆ ಅರಿಶಿನ ಕುಂಕುಮ ಇಟ್ಟರು, ಚೆಂಡು ಹೂವಿನ ಹಾರ ಹಾಕಿದರು, ಚಕ್ರವೇ ಇಲ್ಲದ ಆ ಯಂತ್ರದ ಮುಂದೆ ಎರಡು ನಿಂಬೆಹಣ್ಣು ಕುಯ್ದರು. ಬಾಗಿಲಿಗೆ "ಎರಡು ಮಿದುಳಿನ ಕಂಪ್ಯೂಟರ್ ಇದೆ" ಎಂದು ಬೋರ್ಡು ಬಿತ್ತು. ಒಂದೇ ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳು, ಅಂದರೆ ಕೋರ್ ಎನ್ನುವವು, ಎರಡು ಎಂದು ದುಂಡೇಶ ಅವರಿಗೆ ಹೇಳಿಕೊಟ್ಟಿದ್ದನ್ನು ಅವರು ಹೀಗೆ ಕನ್ನಡಕ್ಕೆ ತಂದಿದ್ದರು. ಬೋರ್ಡು ನೋಡಿ ನೀವು ಕೇಳಿದ ಪ್ರಶ್ನೆಯೇ ನಮ್ಮ ಪ್ರಾಜೆಕ್ಟಿನ ಕೊನೆಯ ಅಧ್ಯಾಯವಾಯಿತು: "ಇಷ್ಟು ಹಗುರವಾದ ಬ್ರೌಸರಿಗೆ ಎರಡು ಕೋರ್ ಇದ್ರೆ ಏನಾದ್ರೂ ಲಾಭ ಇದೆಯೇನ್ರೋ? ಊಹೆ ಹೇಳ್ಬೇಡಿ, ಅಳತೆ ಮಾಡಿ ತೋರ್ಸಿ."

ಅಳತೆಗೆ ನಾವು ಆರಿಸಿಕೊಂಡದ್ದು ಒಂದು ಸೀರೆ ಅಂಗಡಿಯ ಪುಟ. ಅದರಲ್ಲಿ ಇನ್ನೂರು ಸೀರೆಗಳ ಚಿತ್ರಗಳಿದ್ದವು. ಅದನ್ನು ಕಂಪ್ಯೂಟರಿನೊಳಗೇ ಉಳಿಸಿಟ್ಟುಕೊಂಡೆವು, ಇಂಟರ್‌ನೆಟ್ಟಿನ ನಿಧಾನ ಅಡ್ಡ ಬರಬಾರದೆಂದು. ಚಿತ್ರ ಬಿಡಿಸುವ ಕೆಲಸವನ್ನು ಎರಡು ಥ್ರೆಡ್‌ಗಳಿಗೆ, ಅಂದರೆ ಅಪ್ಪನಿಗೆ ಅರ್ಥವಾಗುವಂತೆ ಹೇಳುವುದಾದರೆ ಇಬ್ಬರು ಕೆಲಸಗಾರರಿಗೆ, ಹಂಚುವ ಭಾಗ ನನ್ನದಾಗಿತ್ತು. ಎರಡು ಕೋರ್‌ಗಳ ಮೇಲೆ ಇಬ್ಬರೂ ಒಟ್ಟಿಗೆ ದುಡಿದರೆ ಸಮಯ ಉಳಿಯಬೇಕು.

ಇಬ್ಬರೂ ದುಡಿದರು, ಆದರೆ ಒಬ್ಬರ ಕೈ ಒಬ್ಬರಿಗೆ ತಗುಲಿಸಿಕೊಂಡು. ಮೊದಲ ಸಲ ಓಡಿಸಿದಾಗ ಕಂಚಿ ಸೀರೆಯ ಸೆರಗು ಇಳಕಲ್ ಸೀರೆಗೆ ಬಂದು ಕೂತಿತು. ಒಬ್ಬಳು ಮಾಡೆಲ್‌ಗೆ ಸೊಂಟದ ಮೇಲೆ ಅವಳು, ಸೊಂಟದ ಕೆಳಗೆ ಇನ್ನೊಬ್ಬಳು. ಕೊನೆಯ ಸಾಲಿನಲ್ಲಿ ಎರಡು ಮುಖದ ಮದುಮಗಳು. ಪಕ್ಕದ ಕಂಪ್ಯೂಟರಿನಲ್ಲಿ ಮಗಳ ಜಾತಕ ಹೊಂದಿಸುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿ ಎದ್ದೇ ಹೋದರು. ನಾನು ನಾಲ್ಕು ದಿನ ತಲೆ ಕೆಡಿಸಿಕೊಂಡೆ, ಸರಿಹೋಗಲಿಲ್ಲ. ವೈವಾಕ್ಕೆ ಎರಡೇ ದಿನ ಉಳಿದಾಗ, ಒಂದು ಮಧ್ಯಾಹ್ನ, ದುಂಡೇಶ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಪ್ರೋಗ್ರಾಮಿನೊಳಗೆ ಒಂದು ಬೀಗ, ಅಂದರೆ ಲಾಕ್, ಹಾಕಿಬಿಟ್ಟೆ. ಒಬ್ಬನು ಚಿತ್ರ ಬಿಡಿಸುತ್ತಿರುವಾಗ ಇನ್ನೊಬ್ಬನು ಬಾಗಿಲಾಚೆ ಕಾಯಬೇಕು, ಇವನು ಮುಗಿಸಿ ಬೀಗ ತೆಗೆದ ಮೇಲೆ ಅವನು ಒಳಗೆ. ಚಿತ್ರಗಳು ಮುತ್ತಿನಂತೆ ಸಾಲಾಗಿ ಬಂದವು. ಆದರೆ ಇಬ್ಬರೂ ಒಟ್ಟಿಗೆ ಕೆಲಸ ಮಾಡುವುದು ಅಲ್ಲಿಗೆ ನಿಂತಿತ್ತು. ಒಬ್ಬನು ಕೂತು ಉಣ್ಣುತ್ತಿದ್ದರೆ ಇನ್ನೊಬ್ಬನು ಎಲೆ ಹಿಡಿದು ನಿಂತಿದ್ದ, ಅಷ್ಟೇ. ಅದು ನನಗೆ ಗೊತ್ತಿತ್ತು ಮೇಡಂ. ಸದ್ಯಕ್ಕೆ ಇರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡೆ. ದುಂಡೇಶ ಕೈ ತೊಳೆದುಕೊಂಡು ಬಂದು, "ಏನ್ ಮಾಡಿದಿ?" ಎಂದಾಗ, "ಸಣ್ಣ ತಪ್ಪಿತ್ತು, ಸರಿ ಮಾಡ್ದೆ ಕಣೋ" ಎಂದೆ.

ಆಮೇಲೆ ಅಳತೆ ಮಾಡಿದೆವು. ನೀವು ಹೇಳಿಕೊಟ್ಟಂತೆಯೇ, ಅದೇ ಯಂತ್ರದಲ್ಲಿ ಒಂದು ಕೋರನ್ನು ನಿಲ್ಲಿಸಿ ಒಮ್ಮೆ, ಎರಡನ್ನೂ ಇಟ್ಟುಕೊಂಡು ಒಮ್ಮೆ. ಒಂದು ಕೋರಿಗೆ ಹನ್ನೊಂದು ಸೆಕೆಂಡು. ಎರಡಕ್ಕೆ ಆರು. ನನಗೆ ದಿಗ್ಭ್ರಮೆ! ಬೀಗ ಹಾಕಿದ ಮೇಲೆ ಲಾಭ ಬರಲೇಬಾರದು. ಆದರೆ ಆರು ಸೆಕೆಂಡು ಕಣ್ಣೆದುರು ಇತ್ತು, ದುಂಡೇಶ ಕುರ್ಚಿ ಸಮೇತ ಕುಣಿಯುತ್ತಿದ್ದ. ಬಹುಶಃ ನನಗೆ ಬೀಗ ಹಾಕುವುದಕ್ಕೇ ಸರಿಯಾಗಿ ಬಂದಿಲ್ಲ, ಅದರಿಂದ ಒಳ್ಳೆಯದೇ ಆಗಿದೆ ಎಂದು ಸಮಾಧಾನ ಮಾಡಿಕೊಂಡೆ.

ವೈವಾದ ದಿನ ಮರಿಯಪ್ಪನವರು ಆ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಹೊರಗೆ ಕಾಯಿರಿ ಎಂದು ನೀವು ಹೇಳಿದರೂ, "ಹೆಣ್ಣು ಕೊಟ್ಟೋರು ಹೊರಗಿರ್ತಾರಾ ಮೇಡಂ?" ಎಂದು ಒಳಗೇ ಕೂತರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಾರಣ ಕೇಳಿದಾಗ ದುಂಡೇಶ ಕೈ ಬೀಸಿ ಬೀಸಿ ವಿವರಿಸಿದ. ಅವನು ನಂಬಿಯೇ ಹೇಳಿದ್ದು ಮೇಡಂ, ಅವನಿಗೆ ಬೀಗದ ವಿಷಯ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ನಿಂತು ತಲೆಯಾಡಿಸಿದವಳು ನಾನು. ಮರಿಯಪ್ಪನವರು ಚಪ್ಪಾಳೆ ತಟ್ಟಿದರು. ನಮಗೆ ಡಿಸ್ಟಿಂಕ್ಷನ್ ಬಂತು. ನೀವು ನಮ್ಮಿಬ್ಬರಿಗೂ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಕೊಡಿಸಿದಿರಿ, ನನಗೆ ಚಟ್ನಿಯ ರುಚಿಯೂ ಗೊತ್ತಾಗಲಿಲ್ಲ.

ಜುಲೈನಲ್ಲಿ ಮರಿಯಪ್ಪನವರು ಮೂರು ದಿನ ತಿರುಪತಿಗೆ ಹೋದರು. ಅಂಗಡಿ ದುಂಡೇಶನ ಕೈಯಲ್ಲಿತ್ತು. ಮೊದಲ ದಿನವೇ ಮಧ್ಯಾಹ್ನ ನನಗೆ ಫೋನ್ ಬಂತು, "ಸುಮಾ, ಲಗೂ ಬಾ. ಗುಬ್ಬಚ್ಚಿಗೆ ಏನೋ ಆಗೇತಿ." ಹೋಗಿ ನೋಡಿದರೆ ಎರಡು ಕೋರಿಗೂ ಆರು ಸೆಕೆಂಡು, ಒಂದು ಕೋರಿಗೂ ಆರು ಸೆಕೆಂಡು. ಏಳು ಸಲ ಓಡಿಸಿದೆವು. ಹನ್ನೊಂದು ಎಲ್ಲಿ ಹೋಯಿತು?

ಉತ್ತರ ಪರದೆಯ ಕೆಳಗೆ, ಗಡಿಯಾರದ ಪಕ್ಕದ ಮೂಲೆಯಲ್ಲಿತ್ತು. ಮರಿಯಪ್ಪನವರು ವೈರಸ್ಸಿಗೆ ಹೆದರುವಷ್ಟು ಹಾವಿಗೂ ಹೆದರುವವರಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿದ ಕೂಡಲೇ ಪ್ರತಿ ಕಂಪ್ಯೂಟರಿನಲ್ಲೂ ಆಂಟಿವೈರಸ್ಸಿನ ಸ್ಕ್ಯಾನ್ ಒತ್ತುವರು, ಅದು ಮುಗಿದರೆ ಮತ್ತೆ ಒತ್ತುವರು. ವೈವಾ ದಿನ ಲ್ಯಾಬಿನಲ್ಲೂ, "ಕಾಲೇಜು ಜಾಗ, ಯಾವ ರೋಗ ಇದೆಯೋ" ಎಂದು ತಾವೇ ಒತ್ತಿದ್ದರು. ಈಗ ಅವರು ಊರಲ್ಲಿಲ್ಲ, ಸ್ಕ್ಯಾನ್ ಓಡುತ್ತಿಲ್ಲ. ಒಂದೇ ಕೋರ್ ಇದ್ದಾಗ ನಮ್ಮ ಗುಬ್ಬಚ್ಚಿ ಆ ಆಂಟಿವೈರಸ್ಸಿನ ಜೊತೆ ಅರ್ಧ ಅರ್ಧ ಹಂಚಿಕೊಂಡು ಬದುಕುತ್ತಿತ್ತು, ಅದಕ್ಕೇ ಹನ್ನೊಂದು. ಎರಡು ಕೋರ್ ಕೊಟ್ಟಾಗ ಆಂಟಿವೈರಸ್ ಒಂದರ ಮೇಲೆ ಕೂತು ಇನ್ನೊಂದನ್ನು ಇದಕ್ಕೆ ಬಿಟ್ಟುಕೊಟ್ಟಿತ್ತು, ಅದಕ್ಕೇ ಆರು. ನಾವು ಕೆಲಸ ಹಂಚಿದ್ದಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಅಲ್ಲಿಯೇ ಕೂತು ದುಂಡೇಶನಿಗೆ ಬೀಗದ ವಿಷಯ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ನಕ್ಕ, ಬಿಕ್ಕಳಿಕೆ ಬರುವವರೆಗೂ ನಕ್ಕ. ನೀರು ಕುಡಿದು ಗಂಭೀರವಾಗಿ, "ಮೇಡಂಗ ಹೇಳೂಣು. ಶನಿವಾರದೊಳಗ ಹೇಳಬೇಕು" ಎಂದ.

ಶನಿವಾರ ಏನಿತ್ತೆಂದು ನಿಮಗೆ ಗೊತ್ತು. ಕೆಂಗೇರಿಯ ಆಚೆಯ ಒಂದು ಕಾಲೇಜಿನಲ್ಲಿ ಉಪನ್ಯಾಸಕರ ಕಾರ್ಯಾಗಾರ, ಅದರಲ್ಲಿ ನಮ್ಮ ಹನ್ನೊಂದು ಮತ್ತು ಆರನ್ನು ಇಟ್ಟುಕೊಂಡು ನಿಮ್ಮ ಭಾಷಣ.

ಬುಧವಾರ ಸ್ಟಾಫ್ ರೂಮಿಗೆ ಬಂದೆವು. ನೀವು ನೀಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವರನ್ನೇ ಸಭೆ ಎಂದುಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದಿರಿ. ನೀಲಮ್ಮ ಪ್ರತಿ ವಾಕ್ಯಕ್ಕೂ "ಹೌದು ಬಿಡಿ" ಎನ್ನುತ್ತಿದ್ದರು. ಬಾಗಿಲಿನಿಂದಲೇ ವಾಪಸಾದೆವು. ಗುರುವಾರ ಬಸವೇಶ್ವರನಗರದ ನಿಮ್ಮ ಮನೆಗೇ ಬಂದೆವು. ನೀವು ಒಗ್ಗರಣೆ ಅವಲಕ್ಕಿ ಕೊಟ್ಟಿರಿ. ಯಜಮಾನರು ಬಂದು ಕೂತು, "ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಇವಳು ಮೊದಲನೇ ಸಲ ಒಂದು ವೇದಿಕೆಗೆ ಹೆಸರು ಕೊಟ್ಟಿದಾಳಮ್ಮ. ಸೀರೆ ಕೂಡ ಇಸ್ತ್ರಿಗೆ ಕೊಟ್ಟು ಬಂದಿದಾಳೆ" ಎಂದರು. ನಾನು ದುಂಡೇಶನ ಮುಖ ನೋಡಿದೆ. ಅವನು ತಟ್ಟೆ ನೋಡಿದ. ಭಯಕ್ಕೆ ಅವನು ಮೂರು ತಟ್ಟೆ ಅವಲಕ್ಕಿ ತಿಂದ, ನೀವು "ಪಾಪ, ರೂಮಲ್ಲಿರೋ ಹುಡುಗ" ಎಂದು ನಾಲ್ಕನೆಯದನ್ನೂ ಹಾಕಿದಿರಿ. ಹೇಳಲು ಬಂದ ವಿಷಯವನ್ನು ಹಾಗೇ ಹೊತ್ತುಕೊಂಡು ವಾಪಸಾದೆವು. ಶುಕ್ರವಾರ ನೀವು ಕೆಂಗೇರಿಗೇ ಹೋಗಿಬಿಟ್ಟಿದ್ದಿರಿ, ಪ್ರೊಜೆಕ್ಟರ್ ನೋಡಲು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ನಿರ್ಧಾರ ಮಾಡಿದೆವು, ನೀವು ವೇದಿಕೆ ಹತ್ತುವ ಮೊದಲೇ ಹೇಳಿಬಿಡುವುದು ಎಂದು. ಮೈಸೂರು ರಸ್ತೆಯಲ್ಲಿ ಲಾರಿಯೊಂದು ಅಡ್ಡ ನಿಂತು ನಾವು ತಲುಪುವಷ್ಟರಲ್ಲಿ ನೀವು ಬೋರ್ಡಿನ ಮೇಲೆ ದೊಡ್ಡದಾಗಿ ೧೧ ಮತ್ತು ೬ ಬರೆದಾಗಿತ್ತು. ತೊಂಬತ್ತು ಜನ ಮೇಷ್ಟ್ರುಗಳು. ಮುಂದಿನ ಸಾಲಿನಲ್ಲಿ ದೊಡ್ಡಹನುಮಯ್ಯ ಸರ್ ಎಂಬ ಹಿರಿಯರು ಗೊರಕೆ ಹೊಡೆಯುತ್ತಿದ್ದರು. ನೀವು "ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದ ಕೂಡಲೇ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ, "ಅಳತೆ ಮಾಡುವಾಗ ಮಷೀನಲ್ಲಿ ಬೇರೆ ಏನೇನು ಓಡ್ತಿತ್ತಮ್ಮ?" ಎಂದು ಕೇಳಿದರು.

ನೀವು ಕೈಯಲ್ಲಿದ್ದ ಹಾಳೆಗಳನ್ನು ತಿರುವಿ ನೋಡಿದಿರಿ. ಅದರಲ್ಲಿ ಉತ್ತರವಿಲ್ಲವೆಂದು ನನಗೆ ಗೊತ್ತಿತ್ತು. ಹಿಂದಿನ ಸಾಲಿನಿಂದ ಎದ್ದು, "ಸರ್, ಆಂಟಿವೈರಸ್ ಓಡ್ತಿತ್ತು. ಅದನ್ನ ನಿಲ್ಲಿಸಿದ್ರೆ ಒಂದು ಕೋರಿಗೂ ಆರೇ ಸೆಕೆಂಡು" ಎಂದೆ. ಅಷ್ಟನ್ನು ನಾನು ಹೇಳಿದ್ದು ನಿಜ. ದೊಡ್ಡಹನುಮಯ್ಯ ಸರ್ ಆಗ ಕಣ್ಣು ಬಿಟ್ಟು ಹಿಂದಕ್ಕೆ ತಿರುಗಿದರು. "ಹಾಗಾದ್ರೆ ನಿಮ್ಮ ಎರಡು ಥ್ರೆಡ್ಡು ಒಟ್ಟಿಗೆ ಓಡ್ಲೇ ಇಲ್ಲ ಅಂದ ಹಾಗಾಯ್ತು. ಯಾಕೆ ಓಡ್ಲಿಲ್ಲ?"

ಇಲ್ಲಿ ನನ್ನ ಧೈರ್ಯ ಮುಗಿಯಿತು ಮೇಡಂ. ಉತ್ತರ ನಾಲಿಗೆಯ ತುದಿಯಲ್ಲಿತ್ತು, ನಾಲಿಗೆ ಇರಲಿಲ್ಲ. ಪಕ್ಕದಲ್ಲಿ ಕುರ್ಚಿ ಸದ್ದಾಯಿತು. ದುಂಡೇಶ ಎದ್ದು ನಿಂತು, "ಸರ್, ಅದು ನಂದ್ರಿ. ಲಾಕ್ ನಾ ಹಾಕಿದ್ನಿರಿ. ಯಾರಿಗೂ ಹೇಳಿರ್ಲಿಲ್ರಿ" ಎಂದ.

ನೀವು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಿರಿ. ನಿಮ್ಮ ಕೈಯಿಂದಲೇ ಹನ್ನೊಂದನ್ನು ಅಳಿಸಿ, "ಪರಿಶೀಲನೆ ಮಾಡಬೇಕಾದವಳು ನಾನು. ಈ ತಪ್ಪು ನನ್ನದು, ಮಕ್ಕಳದ್ದಲ್ಲ" ಎಂದು ತೊಂಬತ್ತು ಜನರ ಮುಂದೆ ಹೇಳಿದಿರಿ. ನಾನು ಹೇಳಲಾಗದ ಮಾತನ್ನು, ನಿಮ್ಮದಲ್ಲದ ತಪ್ಪಿಗೆ, ಎಷ್ಟು ಸರಾಗವಾಗಿ ಹೇಳಿದಿರಿ! ಆಮೇಲೆ ಕಾರಿಡಾರಿನಲ್ಲಿ ದುಂಡೇಶನನ್ನು ನಿಲ್ಲಿಸಿ, "ತಪ್ಪು ಮಾಡೋದು ಬೇರೆ, ಮುಚ್ಚಿಡೋದು ಬೇರೆ ಕಣೋ. ಈ ಹುಡುಗಿ ನೋಡಿ ಕಲಿ" ಎಂದಿರಿ. ಆ ಹುಡುಗಿ ಗೋಡೆಗೆ ಅಂಟಿಕೊಂಡು ನೋಟಿಸ್ ಬೋರ್ಡ್ ಓದುತ್ತಿದ್ದಳು. ಅದರಲ್ಲಿ ಹಾಸ್ಟೆಲಿನ ಹುಡುಗರು ಬಕೆಟ್ ಕದ್ದ ವಿಷಯವಿತ್ತು, ಇವತ್ತಿಗೂ ನನಗೆ ಬಾಯಿಪಾಠ.

ಬಸ್ ಸ್ಟಾಪಿನಲ್ಲಿ ಅವನನ್ನು ಯಾಕೋ ಹಾಗೆ ಮಾಡಿದೆ ಎಂದು ಬೈದೆ. "ಯಾರರ ಒಬ್ರು ಉತ್ತರ ಕೊಡಬೇಕಿತ್ತಲ್ಲ. ನನಗ ಬೈಸ್ಕೊಂಡು ರೂಢಿ ಐತಿ" ಎಂದ. ನಾಳೆಯೇ ಹೋಗಿ ಮೇಡಂಗೆ ಹೇಳುತ್ತೇನೆ ಎಂದೆ. ಮರುದಿನ ಭಾನುವಾರ. ಸೋಮವಾರ ನೀವೇ ಕರೆದು ನನ್ನ ಕೈಗೆ ಒಂದು ಶಿಫಾರಸು ಪತ್ರ ಕೊಟ್ಟಿರಿ. "ಸಭೆಯ ನಡುವೆ ಎದ್ದು ಸತ್ಯ ಹೇಳುವ ಧೈರ್ಯವುಳ್ಳ ವಿದ್ಯಾರ್ಥಿನಿ" ಎಂದು ಬರೆದಿದ್ದಿರಿ. ಆ ಪತ್ರದಿಂದಲೇ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಅಪ್ಪ ಅದರ ನಕಲಿಗೆ ಫ್ರೇಮ್ ಹಾಕಿಸಿ ಮುನೇಶ್ವರನ ಫೋಟೋ ಪಕ್ಕ ತೂಗುಹಾಕಿದ್ದಾನೆ. ಅಮ್ಮ ದಿನಾ ಅದಕ್ಕೂ ಒಂದು ಹೂವು ಇಡುತ್ತಾಳೆ. ಒಂದು ವರ್ಷದಿಂದ ನಾನು ದೇವರ ಗೂಡಿಗೆ ಕೈ ಮುಗಿಯುವಾಗ ಕಣ್ಣು ಮುಚ್ಚಿಕೊಂಡೇ ಮುಗಿಯುತ್ತೇನೆ. ನನ್ನ ಭಕ್ತಿ ಹೆಚ್ಚಿದೆ ಎಂದು ಅವರು ತಿಳಿದಿದ್ದಾರೆ. ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಕಾದ ಕಾರಣ ಇದೇ.

ಇನ್ನು ನಿಮಗೆ ಗೊತ್ತಿರದ ಒಂದು ಸಂಗತಿ. ಕಾರ್ಯಾಗಾರವಾದ ಮೇಲೆ ದುಂಡೇಶ ಗುಬ್ಬಚ್ಚಿಯನ್ನು ಬಿಡಲಿಲ್ಲ. ಮೂರು ತಿಂಗಳು ಕೂತು ನನ್ನ ಬೀಗ ಕಿತ್ತುಹಾಕಿ, ಪ್ರತಿ ಕೆಲಸಗಾರನಿಗೂ ಬಿಡಿಸಲು ಅವನದೇ ಹಾಳೆ ಕೊಟ್ಟು, ಮುಗಿದ ಚಿತ್ರವನ್ನು ಪುಟಕ್ಕೆ ಅಂಟಿಸುವಾಗ ಮಾತ್ರ ಸಾಲಿನಲ್ಲಿ ಬರುವಂತೆ ಮಾಡಿದ್ದಾನೆ. ಆಂಟಿವೈರಸ್ ನಿಲ್ಲಿಸಿ ಅಳೆದಿದ್ದಾನೆ. ಒಂದು ಕೋರಿಗೆ ಆರು ಸೆಕೆಂಡು, ಎರಡಕ್ಕೆ ನಾಲ್ಕು. ಮೂರಾಗುವುದಿಲ್ಲ, ಏಕೆಂದರೆ ಪುಟದಲ್ಲಿ ಯಾವುದು ಎಲ್ಲಿ ಕೂರಬೇಕೆಂಬ ಲೆಕ್ಕವನ್ನು ಒಬ್ಬನೇ ಮಾಡಬೇಕು. ಬರೀ ಅಕ್ಷರವಿರುವ ಸಣ್ಣ ಪುಟಕ್ಕೆ ಎರಡು ಕೋರಿನಿಂದ ಏನೂ ಲಾಭವಿಲ್ಲ, ಹಂಚುವ ಗಡಿಬಿಡಿಯಲ್ಲಿ ಕೂದಲೆಳೆಯಷ್ಟು ನಷ್ಟವೇ. ಮರಿಯಪ್ಪನವರ ಇಂಟರ್‌ನೆಟ್ಟಿನಲ್ಲಿ ತೆರೆದರಂತೂ ಪುಟ ಬರುವವರೆಗೆ ಎರಡೂ ಕೋರ್‌ಗಳು ಆಕಳಿಸುತ್ತಾ ಕೂತಿರುತ್ತವೆ. ಇಷ್ಟನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ, ಸೋತ ಅಳತೆಗಳನ್ನೂ ಬಿಡದೆ. ನೀವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಅದು. ನಿಮಗೆ ತೋರಿಸು ಎಂದರೆ, "ಮೇಡಂ ನನ್ನ ಮಾರಿ ನೋಡಿದ್ರ ಸಿಟ್ಟಿಗೇಳ್ತಾರ" ಎನ್ನುತ್ತಾನೆ. ಅವನ ಕಣ್ಣು ತಪ್ಪಿಸಿ ಐದು ಪುಟ ಜೆರಾಕ್ಸ್ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ. ಅಕ್ಷರ ಕೋಳಿ ಕಾಲಿನಂತಿದೆ, ದಯವಿಟ್ಟು ತಾಳ್ಮೆಯಿಂದ ಓದಿ.

ಅವನ ಮೇಲೆ ನನಗೇನೋ ಇದೆ, ಅದಕ್ಕೇ ವಕಾಲತ್ತು ವಹಿಸುತ್ತಿದ್ದಾಳೆ ಎಂದು ನೀವು ಅಂದುಕೊಳ್ಳಬಹುದು. ಇದ್ದರೆ ಅದನ್ನು ಅವನಿಗೆ ಹೇಳಿಕೊಳ್ಳುತ್ತೇನೆ, ಕಮಿಟಿಗಲ್ಲ. ಕೆಲಸ ಕೊಡುವುದು ಬಿಡುವುದು ನಿಮ್ಮ ತೀರ್ಮಾನ. ನೋಟ್‌ಬುಕ್ ನೋಡಿ ತೀರ್ಮಾನಿಸಿ, ನನ್ನ ತಪ್ಪು ನೋಡಿ ಅಲ್ಲ. ಆ ಶಿಫಾರಸು ಪತ್ರವನ್ನು ನೀವು ಹಿಂದಕ್ಕೆ ಕೇಳಿದರೆ ಫ್ರೇಮಿನಲ್ಲಿರುವ ನಕಲಿನ ಸಮೇತ ತಂದುಕೊಡುತ್ತೇನೆ, ಕಾರ್ಖಾನೆಯ ಮ್ಯಾನೇಜರಿಗೂ ನಾನೇ ಹೇಳುತ್ತೇನೆ.

(ಸಂಜೆ ಆರು ಗಂಟೆ. ಇಲ್ಲಿಯವರೆಗೆ ಅಪ್ಪನಿಗೆ ಓದಿದೆ. ಎಲ್ಲ ಕೇಳಿ, "ಆ ಹುಡುಗನ್ನ ಒಂದಿನ ಊಟಕ್ಕೆ ಕರಿ" ಎಂದಷ್ಟೇ ಹೇಳಿದ. ಫ್ರೇಮನ್ನು ಇನ್ನೂ ಇಳಿಸಿಲ್ಲ, ಆದರೆ ಅಮ್ಮ ಅದರ ಹೂವನ್ನು ತೆಗೆದಳು.)

ಕೊನೆಯದಾಗಿ ಒಂದು ಬೇಡಿಕೆ ಮೇಡಂ. ಗುರುವಾರ ಅವನು ನಿಮ್ಮ ಮುಂದೆ ಕೂತಾಗ ಬೀಗ ಹಾಕಿದ್ದು ಯಾರು ಎಂದು ಮಾತ್ರ ಕೇಳಬೇಡಿ. ಅವನು ಮತ್ತೆ ಸುಳ್ಳು ಹೇಳುತ್ತಾನೆ.

ನಿಮಗೂ ಯಜಮಾನರಿಗೂ ಆಯುಸ್ಸು ಆರೋಗ್ಯ ಚೆನ್ನಾಗಿರಲಿ, ವೇದಿಕೆಗಳು ಇನ್ನೂ ಹಲವು ಸಿಗಲಿ ಎಂದು ಹಾರೈಸುತ್ತಾ, ಬೈಗುಳವನ್ನಾದರೂ ಸರಿ, ನಿಮ್ಮ ಕೈಬರಹದಲ್ಲಿ ಎದುರು ನೋಡುವ

ನಿಮ್ಮ ವಿದ್ಯಾರ್ಥಿನಿ
ಸುಮಾ